ಲೈಸೆನ್ಸಿಲ್ಲದ ರಾಜಿ

ಬಿಬವೇವಾಡಿಯ ‘ಹೋಟೆಲ್ ಶ್ರೀ ಅನಂತ’ದಲ್ಲಿ, ಕೈ ತೊಳೆಯುವ ಜಾಗದ ಪಕ್ಕ, ಒಂದು ಮೂಲೆ ಟೇಬಲ್ ಇತ್ತು. ಅಲ್ಲಿಗೆ ಫ್ಯಾನಿನ ಗಾಳಿ ಬರುತ್ತಿರಲಿಲ್ಲ, ತಟ್ಟೆ ತೊಳೆಯುವ ಸದ್ದು ಮಾತ್ರ ಧಾರಾಳವಾಗಿ ಬರುತ್ತಿತ್ತು. ತಿಂಡಿಗೆ ಬಂದವರು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಜಗಳ ಆಡಿದವರು ಕೂರುತ್ತಿದ್ದರು. ಅವರೆದುರು ಸುಬ್ಬಯ್ಯನವರು ಕೂರುತ್ತಿದ್ದರು.

ಸುಬ್ಬಯ್ಯನವರು ಹೋಟೆಲಿನ ಹಳೆಯ ಯಜಮಾನರು. ಕುಂದಾಪುರದ ಕಡೆಯಿಂದ ಪುಣೆಗೆ ಬಂದು, ಕಾವಲಿಯ ಮುಂದೆ ಅರ್ಧ ಆಯುಷ್ಯ ಕಳೆದವರು. ಗಲ್ಲಾಪೆಟ್ಟಿಗೆಯನ್ನು ಮಗ ಅಕ್ಷಯನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಅಂತ ಉಳಿದದ್ದು ಆ ಮೂಲೆ ಟೇಬಲ್ ಒಂದೇ. ಊರಿನ ಕನ್ನಡದವರಲ್ಲಿ ಗಂಡ ಹೆಂಡತಿ ಮುನಿಸಿಕೊಳ್ಳಲಿ, ಪಾಲುದಾರರು ಮುಖ ತಿರುಗಿಸಲಿ, ಒಂದೇ ಫ್ಲ್ಯಾಟಿನ ಹುಡುಗರು ಫ್ರಿಜ್ಜಿನ ಮೇಲಿನ ಖಾನೆಗಾಗಿ ಕೈ ಕೈ ಮಿಲಾಯಿಸಲಿ, ಎಲ್ಲರೂ ಬಂದು ಸೇರುತ್ತಿದ್ದದ್ದು ಅಲ್ಲಿಗೇ. ಸುಬ್ಬಯ್ಯನವರ ಕ್ರಮವೂ ಒಂದೇ. ಇಬ್ಬರ ನಡುವೆ ಒಂದು ಬೈಟು ಕಾಫಿ. ಒಬ್ಬರು ಎರಡು ಲೋಟಕ್ಕೆ ಹಂಚಬೇಕು, ಇನ್ನೊಬ್ಬರು ಮೊದಲು ಲೋಟ ಎತ್ತಿಕೊಳ್ಳಬೇಕು. ಹಂಚುವವರ ಕೈ ನೋಡಿಯೇ ತಪ್ಪು ಯಾರದೆಂದು ತನಗೆ ಗೊತ್ತಾಗುತ್ತದೆ ಎಂದು ಅವರು ಕೊಚ್ಚಿಕೊಳ್ಳುತ್ತಿದ್ದರು. ಗೊತ್ತಾಗುತ್ತಿತ್ತೋ ಇಲ್ಲವೋ, ರಾಜಿಯಂತೂ ಆಗುತ್ತಿತ್ತು.

ಇಷ್ಟೆಲ್ಲ ಒಳ್ಳೆಯ ಗುಣಗಳ ನಡುವೆ ದೇವರು ಅವರಿಗೆ ಒಂದು ಬಾಯಿಯನ್ನೂ ಕೊಟ್ಟಿದ್ದ. ಅದೇ ಎಡವಟ್ಟಾಗಿದ್ದು.

ವಿನೀತ ಎಂಬ ಐಟಿ ಹುಡುಗ, ಅವನ ಹೆಂಡತಿ ಯಶ್ಮಿತಾ, ಇಬ್ಬರೂ ಒಮ್ಮೆ ಮುಖ ಊದಿಸಿಕೊಂಡು ಬಂದು ಕೂತರು. ದೂರು ಏನೆಂದರೆ ವಿನೀತ ನಿದ್ದೆಯಲ್ಲಿ ಮ್ಯಾನೇಜರ್ ಜೊತೆ ಮಾತಾಡುತ್ತಾನೆ. ಬರೀ ಮಾತಲ್ಲ, ಎದ್ದು ಕೂತು, ಹೊದಿಕೆ ಸರಿ ಮಾಡಿಕೊಂಡು, ‘ಇವತ್ತೇ ಮುಗಿಸ್ತೀನಿ ಸರ್, ಪ್ರಾಮಿಸ್ ಸರ್’ ಎಂದು ಕೈ ಮುಗಿಯುತ್ತಾನೆ. ‘ನನಗೆ ಒಂದಿನಾನೂ ಹೀಗೆ ಕೈ ಮುಗಿದಿಲ್ಲ ಅಂಕಲ್’ ಎಂಬುದು ಯಶ್ಮಿತಾಳ ಸಂಕಟ. ಸುಬ್ಬಯ್ಯನವರು ಬೈಟು ತರಿಸಿದರು, ರಾಜಿ ಮಾಡಿಸಿದರು, ‘ಯಾರಿಗೂ ಹೇಳುದಿಲ್ಲ ಬಿಡಿ’ ಎಂದು ಬೀಳ್ಕೊಟ್ಟರು. ಅವರು ಮೆಟ್ಟಿಲಿಳಿಯುವ ಮುಂಚೆಯೇ ಪಕ್ಕದ ಟೇಬಲಿನವರಿಗೆ ಹೊದಿಕೆಯ ಸಮೇತ ಅಭಿನಯಿಸಿ ತೋರಿಸಿಬಿಟ್ಟರು. ಒಂದು ವಾರದಲ್ಲಿ ಪುಣೆಯ ಕನ್ನಡದವರೆಲ್ಲ ವಿನೀತನನ್ನು ಕಂಡಲ್ಲಿ ಕೈ ಮುಗಿಯತೊಡಗಿದರು. ಪಾಪ, ಅವನು ಮೊದಮೊದಲು ಇದು ಗೌರವ ಎಂದುಕೊಂಡಿದ್ದ.

ದೂರು ಕನ್ನಡ ಬಳಗಕ್ಕೆ ಹೋಯಿತು. ಬಳಗದ ಅಧ್ಯಕ್ಷರು ಅವ್ವಣ್ಣ, ವಿಜಯಪುರದ ಕಡೆಯವರು, ಖಡಕಿಯ ಕಾರ್ಖಾನೆಯಲ್ಲಿ ನಿವೃತ್ತರಾದವರು. ಕಾರ್ಯದರ್ಶಿ ಇಂಪನಾ, ಮೈಸೂರಿನ ಹುಡುಗಿ, ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ. ಮಧ್ಯಸ್ಥಿಕೆ ಮಾಡುವುದು ಹೇಗೆಂದು ಕೋರ್ಸು ಬೇರೆ ಮಾಡಿದವಳು.

“ಅಂಕಲ್, ಪರ್ಸನಲ್ಲಾಗಿ ತಗೋಬೇಡಿ,” ಎಂದಳು ಇಂಪನಾ ಸಭೆಯಲ್ಲಿ. “ಕೂದಲು ಕಟ್ ಮಾಡೋ ಅಂಗಡಿಗೂ ಲೈಸೆನ್ಸ್ ಬೇಕು. ಜನರ ಸಂಸಾರಕ್ಕೆ ಕೈ ಹಾಕೋರಿಗೆ ಬೇಡ್ವಾ?”

“ನಾನು ಕಟ್ ಮಾಡುದಲ್ಲ ಮಾರಾಯ್ತಿ, ಹೊಲಿಯುದು,” ಎಂದರು ಸುಬ್ಬಯ್ಯನವರು.

“ಹೊಲಿಯೂ ಟೇಲರ್‌ಗೂ ಶಾಪ್ ಆಕ್ಟ್ ಲೈಸೆನ್ಸ್ ಅದರಿ,” ಎಂದರು ಅವ್ವಣ್ಣ. ಸಭೆ ನಕ್ಕಿತು. ವಿನೀತ ನಗಲಿಲ್ಲ.

“ಊರಲ್ಲಿ ಹಿರಿಯರು ಪಂಚಾತಿಕೆ ಮಾಡುವಾಗ ಯಾರು ಪರೀಕ್ಷೆ ಬರೆದದ್ದು? ನಾಳೆ ಅಜ್ಜಿ ಮೊಮ್ಮಕ್ಕಳ ಜಗಳ ಬಿಡಿಸ್ಲಿಕ್ಕೂ ಸರ್ಟಿಫಿಕೇಟ್ ಕೇಳ್ತೀರಾ?” ಸುಬ್ಬಯ್ಯನವರು ಬಿಡಲಿಲ್ಲ.

“ಅಜ್ಜಿ ಅದನ್ನ ಪಕ್ಕದ ಟೇಬಲ್‌ಗೆ ಹೋಗಿ ಆ್ಯಕ್ಟ್ ಮಾಡಿ ತೋರಿಸಲ್ಲ ಅಂಕಲ್,” ಎಂದ ವಿನೀತ.

ನಿಯಮ ಪಾಸಾಯಿತು. ಇನ್ನು ಬಳಗದವರ ಜಗಳಕ್ಕೆ ಕೂರುವವರು ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆಯಬೇಕು. ಅದಕ್ಕೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರ ಸಹಿಯೂ ಬೇಕು. ಅಲ್ಲಿಯವರೆಗೆ ಸುಬ್ಬಯ್ಯನವರು ಯಾರ ಜಗಳಕ್ಕೂ ಮೂಗು ತೂರಿಸುವಂತಿಲ್ಲ.

ಅಕ್ಷಯನಿಗೆ ಇದು ಬಾಯಿಗೆ ಸಕ್ಕರೆ ಹಾಕಿದಂತಾಯಿತು. ಆ ಮೂಲೆಯಲ್ಲಿ ಪಾರ್ಸೆಲ್ ಕೌಂಟರ್ ಹಾಕಬೇಕೆಂದು ಅವನು ವರ್ಷದಿಂದ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದ. “ಲೈಸೆನ್ಸ್ ಸಿಕ್ಕಿದ್ರೆ ಟೇಬಲ್ ನಿಮ್ದು ಅಪ್ಪಯ್ಯ. ಇಲ್ಲಾಂದ್ರೆ ಕಾರ್ಪೆಂಟರಿಗೆ ಬರ್ಲಿಕ್ಕೆ ಹೇಳ್ತೇನೆ.”

ಹೆಂಡತಿ ಉಮಾವತಿ ತಲೆಯ ಮೇಲೆ ಕೈ ಹೊತ್ತು ಕೂತರು. “ನೀವು ಇಡೀ ದಿನ ಮನೆಯಲ್ಲಿ ಕೂತ್ರೆ ನಮ್ಮಿಬ್ರಿಗೆ ರಾಜಿ ಮಾಡ್ಸುದು ಯಾರು?”

ಸುಬ್ಬಯ್ಯನವರು ಅಂದು ಊಟ ಮಾಡಲಿಲ್ಲ. ಮನುಷ್ಯನಿಗೆ ವಯಸ್ಸಾದ ಮೇಲೆ ಯಾರಾದರೂ ‘ನೀವೇ ಹೇಳಿ’ ಎಂದು ಕೇಳುವ ಒಂದು ಜಾಗ ಬೇಕಾಗುತ್ತದೆ. ಆ ಟೇಬಲ್ ಹೋದರೆ ತನ್ನನ್ನು ಕೇಳುವವರಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆಗೆ ತಯಾರಾದರು. ಆದರೆ ಅಷ್ಟರಲ್ಲಿ ರಾಜ್ಯೋತ್ಸವ ಬಂತು, ಎಲ್ಲ ಹಾಳಾಯಿತು. ಅವ್ವಣ್ಣನವರು ಪ್ರತಿವರ್ಷ ತಾವೇ ಬರೆದ ಸ್ವಾಗತಗೀತೆಯನ್ನು ತಾವೇ ಹಾಡುತ್ತಾರೆ. ಅದು ಪ್ರತಿವರ್ಷ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಈ ಸಲ ಐದನೆಯ ಚರಣ ಮುಗಿದು ಆರನೆಯದಕ್ಕೆ ಅವರು ಕಣ್ಣು ಮುಚ್ಚಿದಾಗ, ವೇದಿಕೆಯ ಉಸ್ತುವಾರಿ ಹೊತ್ತಿದ್ದ ಇಂಪನಾ ಗಡಿಯಾರ ನೋಡಿ ಮೈಕ್ ಆಫ್ ಮಾಡಿಬಿಟ್ಟಳು. ಅವ್ವಣ್ಣ ಕಣ್ಣು ಬಿಡುವಷ್ಟರಲ್ಲಿ ವೇದಿಕೆಯ ಮೇಲೆ ನವಿಲಿನ ವೇಷದ ಮಕ್ಕಳು ಕುಣಿಯುತ್ತಿದ್ದರು.

ಅಂದಿನಿಂದ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತಿಲ್ಲ. ಅವರ ಸಹಿ ಇದ್ದ ಕಾಗದಕ್ಕೆ ಇವಳ ಸಹಿ ಇಲ್ಲ, ಇವಳದಿದ್ದರೆ ಅವರದಿಲ್ಲ. ಯಾರಿಗೂ ಲೈಸೆನ್ಸ್ ಕೊಡುವಂತಿಲ್ಲ. ಲೈಸೆನ್ಸ್ ಇಲ್ಲದೆ ಇವರಿಬ್ಬರ ಜಗಳ ಬಿಡಿಸುವಂತೆಯೂ ಇಲ್ಲ. ಇಂಥ ಗಂಟನ್ನು ಹಾಕಬೇಕಾದರೆ ನಿಜಕ್ಕೂ ಒಂದು ಸಮಿತಿಯೇ ಬೇಕು ಸ್ವಾಮಿ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೋಟೆಲಿಗೆ ಬಂದು ಸುಬ್ಬಯ್ಯನವರ ಎದುರು ನಿಟ್ಟುಸಿರು ಬಿಡುತ್ತಿದ್ದರು. ಸುಬ್ಬಯ್ಯನವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ಬೈಟು ತರಿಸಿದರೆ ಮುಗಿಯುವ ಜಗಳ! ಆದರೆ ತರಿಸಿದರೆ ನಿಯಮ ಮುರಿದಂತೆ, ಟೇಬಲ್ ಶಾಶ್ವತವಾಗಿ ಹೋದಂತೆ. “ಚಟ್ನಿ ಬೇಕಾ?” ಎಂದಷ್ಟೇ ಕೇಳಿ ಒಳಗೆ ಹೋಗುತ್ತಿದ್ದರು.

ಕೊನೆಗೆ ಪರೀಕ್ಷೆ ನಡೆಸಲು ಬಳಗ ಮೊದಲೇ ಗೊತ್ತುಮಾಡಿದ್ದ ಸಾಯಲಿ ಬಂದಳು. ಬೆಳಗಾವಿಯಲ್ಲಿ ಬೆಳೆದ ಮರಾಠಿಯವಳು, ವಕೀಲೆ. ಮಧ್ಯಸ್ಥಿಕೆ ಮಾಡುವವರಿಗೆ ಪಾಠ ಹೇಳುವವಳು. ಅವಳಿಗೆ ಬಳಗದ ಈ ರಾಮಾಯಣ ಒಂದೂ ತಿಳಿದಿರಲಿಲ್ಲ. ಮೂಲೆ ಟೇಬಲಿಗೆ ಬಂದು ಕೂತು, ನಿಯಮದಂತೆ ಪರೀಕ್ಷೆ ನೋಡಲು ಬಂದಿದ್ದ ಇಬ್ಬರು ಪದಾಧಿಕಾರಿಗಳನ್ನು ನೋಡಿ ಹೇಳಿದಳು:

“ಪರೀಕ್ಷಾಕ್ಕ ಒಂದು ಸುಳ್ಳ ಜಗಳಾ ಬೇಕು. ನೀವಿಬ್ರೂ ಇದ್ದೀರಲ್ಲ, ನೀವ ಆಡ್ರಿ. ವಿಷಯ, ಪಾರ್ಕಿಂಗ್. ನೀವು ಶೇಜಾರಿನವರು, ಬಾಜೂ ಮನಿಯವರು, ನಿಮ್ಮ ನಡಕ ಗಾಡಿ ನಿಲ್ಲಿಸೂ ಜಾಗದ ತಂಟೆ. ಅಣ್ಣಾ, ನೀವು ಬಿಡಸ್ರಿ.”

ಅವ್ವಣ್ಣ ಇಂಪನಾಳತ್ತ ನೋಡಲಿಲ್ಲ. ಇಂಪನಾ ಗೋಡೆ ನೋಡಿದಳು. ಸುಳ್ಳು ಜಗಳಕ್ಕೆ ನಿಜವಾದ ರಾಜಿ ಹೇಗಪ್ಪ ಮಾಡುವುದು ಎಂದು ಸುಬ್ಬಯ್ಯನವರು ಬೆವರೊರೆಸಿಕೊಂಡು, “ಎಂತ ಆಯ್ತು ಹೇಳಿ,” ಎಂದರು.

“ಏನ್ ಹೇಳ್ಲಿರಿ,” ಅವ್ವಣ್ಣ ಶುರು ಮಾಡಿದರು, “ನಾ ವರ್ಷಾ ಅಲ್ಲೇ ಗಾಡಿ ಹಚ್ಚಾಂವ. ಈ ಸಲಾನೂ ಹಚ್ಚಾಕ ಹ್ವಾದೆ. ಗಾಡಿ ಅರ್ಧಾ ಒಳಗ ಹೋಗಿತ್ತು, ಅರ್ಧಾ ಹೊರಗ ಇತ್ತು. ಈಕಿ ಗೇಟ್ ಹಾಕಿಬಿಟ್ಳರಿ! ಎಲ್ಲಾ ಮಂದಿ ಮುಂದ!”

“ಗಾಡಿ ಅಷ್ಟು ಉದ್ದ ಇದ್ರೆ ನಾನೇನ್ ಮಾಡ್ಲಿ ಅಂಕಲ್?” ಇಂಪನಾ ಸಿಡಿದಳು. “ಪ್ರತಿ ವರ್ಷ ಹಿಂದೆ ಒಂದೊಂದು ಡಬ್ಬಿ ಸೇರಿಸ್ತಾರೆ. ಹಿಂದೆ ಚಿಕ್ಕ ಚಿಕ್ಕ ಸೈಕಲ್‌ಗಳು ಡ್ರೆಸ್ ಹಾಕ್ಕೊಂಡು ಕಾಯ್ತಾ ನಿಂತಿದ್ವು. ಒಂದಕ್ಕೆ ಸೂಸು ಬೇರೆ ಬಂದಿತ್ತು!”

ಸಾಯಲಿ ಬರೆಯುವುದನ್ನು ನಿಲ್ಲಿಸಿದಳು. “ಸೈಕಲ್‌ಗ?”

“ಹೌದ್ ಮೇಡಂ. ನವಿಲಿನ ಡ್ರೆಸ್.”

ಸುಬ್ಬಯ್ಯನವರ ಕಿವಿ ನಿಮಿರಿತು. ಅಯ್ಯೋ ದೇವರೇ, ಇದು ಪಾರ್ಕಿಂಗ್ ಅಲ್ಲ! ಇಬ್ಬರೂ ಎದೆಯಲ್ಲಿದ್ದದ್ದನ್ನೇ ತೆಗೆದು ಟೇಬಲಿನ ಮೇಲಿಡುತ್ತಿದ್ದಾರೆ. ಅವರು ಕುರ್ಚಿ ಮುಂದಕ್ಕೆಳೆದುಕೊಂಡರು. ಹಾಡು, ಮೈಕು ಎಂದು ಬಾಯಿ ತಪ್ಪಿಯೂ ಅನ್ನಬಾರದು. ಅಂದರೆ ಇಬ್ಬರೂ ಎದ್ದು ಹೋಗುತ್ತಾರೆ.

“ಅವ್ವಣ್ಣನವರೇ, ಗೇಟ್ ಹಾಕಿದ್ದು ಬೇಜಾರಾ, ಹೇಳದೇ ಹಾಕಿದ್ದು ಬೇಜಾರಾ?”

ಅವ್ವಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಹೇಳಲಾರದ ಹಾಕಿದ್ದರಿ. ಬಾಜೂಕ ಬಂದು ‘ಕಾಕಾ, ವ್ಯಾಳ್ಯಾ ಆತು’ ಅಂದಿದ್ರ ನಾನ ಹಿಂದಕ್ಕ ತಗೋತಿದ್ದೆ.” ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡರು. “ಮನ್ಯಾಗೂ ಯಾರೂ ನನ್ನ ಗಾಡಿ ಕೇಳಂಗಿಲ್ರಿ. ವರ್ಷಕ್ಕ ಒಮ್ಮಿ ಅದೊಂದ ಜಾಗಾದಾಗ ಹಚ್ಚತಿದ್ದೆ.” ಅಷ್ಟು ಹೇಳಿ ದೊಡ್ಡ ಮನುಷ್ಯರು ಟವೆಲಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತರು.

ಇಂಪನಾಳ ಮುಖ ಸಣ್ಣದಾಯಿತು. “ಅಂಕಲ್... ನಿಮ್ಮ ಗಾಡಿ ಚೆನ್ನಾಗೇ ಇತ್ತು. ಸತ್ಯವಾಗ್ಲೂ. ಮೂರನೇ ಚರಣದ ತನಕ ನಾನೂ ಜೊತೆಗೆ ಓಡಿಸ್ತಿದ್ದೆ. ಹೇಳ್ದೆ ಗೇಟ್ ಹಾಕಿದ್ದು ತಪ್ಪು. ಸಾರಿ.”

“ನಂದೂ ಉದ್ದ ಆಗಿತ್ತವ್ವಾ,” ಅವ್ವಣ್ಣ ಟವೆಲಿನೊಳಗಿಂದಲೇ ಅಂದರು. “ಎರಡ ಚರಣ ತೆಗೀತೀನಿ. ಗಾಡಿ ಸಣ್ಣದಾಗ್ತದ.”

“ಆಯ್ತಲ್ಲ!” ಎಂದರು ಸುಬ್ಬಯ್ಯನವರು. “ಇನ್ನು ಮೇಲೆ ಗೇಟ್ ಹಾಕುವ ಮೊದಲು ಇವಳು ಹತ್ತಿರ ಬಂದು ಹೇಳುದು. ಅವರು ಗಾಡಿ ಗಿಡ್ಡ ಮಾಡುದು. ಸೈಕಲ್‌ಗಳಿಗೆ ಮೊದಲೇ ಸೂಸು ಮಾಡಿಸುದು.”

ಸಾಯಲಿ ಪೆನ್ನು ಕೆಳಗಿಟ್ಟು ಮೂವರನ್ನೂ ನೋಡಿದಳು. ಮೂರ್ಖಳಲ್ಲ ಅವಳು, ಅರ್ಧ ದಾರಿಯಲ್ಲೇ ಹೊಳೆದಿತ್ತು. “ಅಣ್ಣಾ, ನೀವು ಮಧ್ಯಸ್ಥರು, ಹುಕುಂ ಮಾಡಬಾರದು. ಅದಕ್ಕ ಮಾರ್ಕ್ಸ್ ಕಟ್. ಆದ್ರೂ ಪಾಸ್. ಒಂದ ಷರತ್ತು ಅದ. ನಿಮ್ಮ ಮ್ಯಾಲಿನ ತಕರಾರು ಬಾಯಿದು. ಈ ಟೇಬಲ್‌ನ್ಯಾಗ ಆದದ್ದು ಬರೂ ರವಿವಾರದ ಸಭಾದ ತನಕ ಯಾರ ಮುಂದೂ ಹೋಗಬಾರದು. ಅಲ್ಲಿ ನಾ ಒಂದ ಪ್ರಶ್ನೆ ಕೇಳ್ತೀನಿ.”

ಕಷ್ಟ ಶುರುವಾದದ್ದು ಆಮೇಲೆ. ಜೀವಮಾನದಲ್ಲಿ ಸುಬ್ಬಯ್ಯನವರು ಮಾಡಿಸಿದ ಅತ್ಯುತ್ತಮ ರಾಜಿ ಅದು. ಹೇಳಲು ಹೊರಟರೆ ಎಂಥ ಕಥೆ! ನವಿಲಿನ ವೇಷದ ಸೈಕಲ್, ಟವೆಲಿನೊಳಗಿನ ಅಧ್ಯಕ್ಷರು, ಚರಣ ತೆಗೆಸಿಕೊಂಡ ಗಾಡಿ! ಹೊಟ್ಟೆಯೊಳಗೆ ಅದು ಇಡ್ಲಿ ಹಿಟ್ಟಿನಂತೆ ಉಬ್ಬುತ್ತಾ ಹೋಯಿತು. ಗಿರಾಕಿಗಳು ಕೇಳಿದರು, ಪಾತ್ರೆ ತೊಳೆಯುವವಳೂ ಕೇಳಿದಳು. ‘ಪಾರ್ಕಿಂಗ್ ವಿಷಯ’ ಎಂದು ತುಟಿ ಹೊಲಿದುಕೊಂಡರು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಉಮಾವತಿಗೆ. “ಊರಿಗೆಲ್ಲ ಹೇಳುವಾಗ ನಾನು ಬೇಡ ಅಂದಿದ್ದೆ. ಈಗ ನನಗೊಬ್ಬಳಿಗೆ ಹೇಳ್ಲಿಕ್ಕೆ ಆಗುದಿಲ್ವಾ?” ಎಂದು ಮೂರು ದಿನ ಗಂಜಿಯನ್ನು ಉಪ್ಪಿನಕಾಯಿ ಇಲ್ಲದೆ ಬಡಿಸಿದರು. ಸುಬ್ಬಯ್ಯನವರು ಉಂಡರು, ಹೇಳಲಿಲ್ಲ. ತಮ್ಮ ಮೇಲೆ ತಮಗೇ ಅಚ್ಚರಿಯಾಯಿತು.

ಭಾನುವಾರ ಬಂತು. ಸಭೆ ಖಡಕಿಯಲ್ಲಿ. ಅಕ್ಷಯ ತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮುಂದೆ ಹೋದ. ಸಂಜೆಗೆ ಕಾರ್ಪೆಂಟರ್ ಬರುತ್ತಾನೆ, ಬೇಕೋ ಬೇಡವೋ ಸಭೆ ಮುಗಿದ ಮೇಲೆ ಫೋನ್ ಮಾಡುತ್ತೇನೆ ಎಂದೂ ಹೇಳಿ ಹೋದ. ಸುಬ್ಬಯ್ಯನವರು ಆಟೋ ಹಿಡಿದರು.

“ಕುಠೇ ಜಾಯಚಂ, ಕಾಕಾ?” ಎಲ್ಲಿಗೆಂದು ಡ್ರೈವರ್ ಮರಾಠಿಯಲ್ಲಿ ಕೇಳಿದ.

“ಖಡಕಿ.”

ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ನಿಂತೇ ಇತ್ತು. ಡ್ರೈವರ್ ಮರಾಠಿಯಲ್ಲಿ ರಸ್ತೆ ಅಗೆಯುವವರನ್ನು ಬೈಯುತ್ತಿದ್ದ. ಸುಬ್ಬಯ್ಯನವರು ಅವನ ಬೆನ್ನು ನೋಡಿದರು. ಅಚ್ಚ ಮರಾಠಿ ಬೆನ್ನು. ಇವನ ಹತ್ತಿರ ಕನ್ನಡದಲ್ಲಿ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ಹೊಟ್ಟೆಯೂ ಹಗುರಾಗುತ್ತದೆ, ನಿಯಮವೂ ಉಳಿಯುತ್ತದೆ! ಪುಣೆಗೆ ಬಂದ ಕನ್ನಡದವರೆಲ್ಲ ಒಮ್ಮೆಯಾದರೂ ಹೀಗೆ ಲೆಕ್ಕ ಹಾಕಿ ಕೆಟ್ಟಿದ್ದಾರೆ. ಸುಬ್ಬಯ್ಯನವರಂಥ ಅನುಭವಸ್ಥರಿಗೂ ಆ ಹೊತ್ತಿಗೆ ಬುದ್ಧಿ ಕೈಕೊಟ್ಟಿತು.

ಶುರು ಮಾಡಿದರು ನೋಡಿ! ಶಿವಾಜಿನಗರ ಬರುವಷ್ಟರಲ್ಲಿ ಅವ್ವಣ್ಣನವರ ಧ್ವನಿ, ಇಂಪನಾಳ ಧ್ವನಿ ಎರಡನ್ನೂ ಮಾಡಿ, ಟವೆಲಿಗೆ ಬದಲು ತಮ್ಮ ಪಂಚೆಯ ತುದಿಯಲ್ಲೇ ಮುಖ ಮುಚ್ಚಿ ಅತ್ತೂ ತೋರಿಸಿದರು. ಕಥೆ ಮುಗಿದಾಗ ಏಳು ದಿನದ ಭಾರ ಇಳಿದು ಸೀಟಿಗೆ ಒರಗಿ ಕಣ್ಣು ಮುಚ್ಚಿದರು.

ಖಡಕಿಯ ಸಭಾಭವನದೆದುರು ಆಟೋ ನಿಂತಿತು. ಡ್ರೈವರ್ ತಿರುಗಿದ.

“ಅಲ್ರಿ ಅಜ್ಜಾರ, ಅವ್ರು ಯಾವ ಎರಡ ಚರಣ ತೆಗದ್ರಿ?”

ಸುಬ್ಬಯ್ಯನವರ ಜೀವ ಬಾಯಿಗೆ ಬಂತು. “ನಿಂಗೆ... ನಿಂಗೆ ಕನ್ನಡ ಬರ್ತದಾ?”

“ನಮ್ದು ಗಡಿಯಾಗಿನ ಜತ್ತ ಕಡೆರಿ. ಮನ್ಯಾಗ ಕನ್ನಡಾನ. ಭಾಳ ಚೊಲೋ ಹೇಳಿದ್ರಿ ನೀವು. ನಮ್ಮ ಸ್ಟ್ಯಾಂಡಿನಾಗ ಅವ್ವಣ್ಣಾರು ಎಲ್ಲಾರಿಗೂ ಗೊತ್ತದಾರ, ಬರ್ತಿರ್ತಾರ.”

“ಅಯ್ಯೋ ಮಾರಾಯ, ನಿನ್ನ ಕಾಲಿಗೆ ಬೀಳ್ತೇನೆ, ಯಾರಿಗೂ ಹೇಳ್ಬೇಡ!”

“ಯಾರಿಗೂ ಹೇಳಂಗಿಲ್ಲ ಬಿಡ್ರಿ,” ಎಂದು ಡ್ರೈವರ್ ಸಮಾಧಾನದಿಂದ ನಕ್ಕ.

ಆ ಮಾತು ಕೇಳಿ ಸುಬ್ಬಯ್ಯನವರು ಬಾಡಿಗೆ ಹಣವನ್ನು ಎಣಿಸದೆಯೇ ಅವನ ಕೈಗಿಟ್ಟರು. ಇದೇ ಮಾತನ್ನು, ಇದೇ ನಗುವಿನ ಜೊತೆ, ಎಷ್ಟು ಜನರಿಗೆ ತಾನು ಹೇಳಿಲ್ಲ! ಕೇಳಿಸಿಕೊಂಡವರ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಇವತ್ತಿನವರೆಗೆ ಗೊತ್ತೇ ಇರಲಿಲ್ಲ. ಆಟೋ ತಿರುಗಿ ಹೋಗುವುದನ್ನು ನೋಡುತ್ತ ನಿಂತರು. ನಾಚಿಕೆಯಾಯಿತು, ಭಯವೂ ಆಯಿತು.

ಸಭೆಯಲ್ಲಿ ಲೈಸೆನ್ಸ್ ಸಿದ್ಧವಾಗಿತ್ತು. ಅವ್ವಣ್ಣ, ಇಂಪನಾ ಅಕ್ಕಪಕ್ಕ ಕೂತು ಒಂದೇ ಪೊಟ್ಟಣದಿಂದ ಚುರುಮುರಿ ತಿನ್ನುತ್ತಿದ್ದರು. ಇಬ್ಬರ ಸಹಿಯೂ ಬಿದ್ದಿತ್ತು. ಸಾಯಲಿ ಎದ್ದು ನಿಂತಳು.

“ಅಣ್ಣಾ, ಒಂದ ಪ್ರಶ್ನೆ. ಆ ದಿನ ಟೇಬಲ್‌ನ್ಯಾಗ ಆದದ್ದು ಯಾರ ಮುಂದರ ಹೇಳಿದ್ರೇನ?”

ಇಲ್ಲ ಅಂದರೆ ಮುಗಿಯಿತು. ಡ್ರೈವರ್ ಎಲ್ಲೋ, ಸಭೆ ಎಲ್ಲೋ. ಅಕ್ಷಯ ಫೋನ್ ಕೈಯಲ್ಲಿ ಹಿಡಿದು ಕೂತಿದ್ದ. ಉಮಾವತಿ ಸೆರಗಿನ ತುದಿ ಹಿಂಡುತ್ತಿದ್ದರು. ಸುಬ್ಬಯ್ಯನವರ ಕಣ್ಣು ಮುಂದಿನ ಸಾಲಿನ ವಿನೀತನ ಮೇಲೆ ಬಿತ್ತು. ಯಾರೋ ಹಿಂದಿನಿಂದ ಅವನಿಗೆ ಕೈ ಮುಗಿದು ಕಿಸಕ್ಕನೆ ನಕ್ಕರು. ಅವನು ತಲೆ ತಗ್ಗಿಸಿದ.

“ಹೇಳಿದೆ,” ಎಂದರು ಸುಬ್ಬಯ್ಯನವರು.

ಉಮಾವತಿ ಸೆರಗು ಬಿಟ್ಟರು.

“ಯಾರ ಮುಂದ?” ಅವ್ವಣ್ಣ ಚುರುಮುರಿ ಬಿಟ್ಟು ಎದ್ದರು. “ನಾ ಅತ್ತಿದ್ದೂ ಹೇಳಿದ್ರೇನ?”

ಸಭೆಗೆ ಸಭೆಯೇ ಅವ್ವಣ್ಣನವರತ್ತ ತಿರುಗಿತು. “ಅತ್ರಾ?” “ಅಧ್ಯಕ್ಷರು ಅತ್ರಂತೆ!” ಎಂದು ಗುಜುಗುಜು ಎದ್ದಿತು.

“ನೋಡಿ, ಅದನ್ನು ಈಗ ಹೇಳಿದ್ದು ನಾನಲ್ಲ,” ಎಂದರು ಸುಬ್ಬಯ್ಯನವರು.

“ಯಾರಿಗೆ ಹೇಳಿದ್ರಿ ಅಂಕಲ್? ಹೆಸರು ಹೇಳಿ!” ಇಂಪನಾಳೂ ಎದ್ದಳು. ಇಬ್ಬರೂ ಒಟ್ಟಾಗಿ, ಒಂದೇ ತಾಳಕ್ಕೆ, ಅವರನ್ನು ತರಾಟೆಗೆ ತೆಗೆದುಕೊಂಡರು. ಅಂಥ ಒಗ್ಗಟ್ಟನ್ನು ಬಳಗ ಈವರೆಗೆ ಕಂಡಿರಲಿಲ್ಲ.

“ಆ ಮನುಷ್ಯನಿಗೆ ಇದರಲ್ಲಿ ಎಂತದೂ ತಪ್ಪಿಲ್ಲ. ಅವನ ಹೆಸರು ಹೇಳ್ಲಿಕ್ಕೆ ಆಗುದಿಲ್ಲ,” ಎಂದರು ಸುಬ್ಬಯ್ಯನವರು. “ಅದು ಗುಟ್ಟು.”

ಗದರಿದರು, ಪುಸಲಾಯಿಸಿದರು. ಇಲ್ಲ ಅಂದರೆ ಇಲ್ಲ. ಸಾಯಲಿ ತುಟಿ ಕಚ್ಚಿ ನಗು ತಡೆದುಕೊಂಡಳು. ಆದರೆ ಕಾಯ್ದೆ ಕಾಯ್ದೆಯೇ. “ಈ ವರ್ಷ ಇಲ್ಲ ಅಣ್ಣಾ. ಬರೂ ವರ್ಷ ಮತ್ತ ಅರ್ಜಿ ಹಾಕ್ರಿ,” ಎಂದು ಲೈಸೆನ್ಸನ್ನು ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ಅಕ್ಷಯ ಬಂದು ಪಕ್ಕ ನಿಂತ. “ಅಪ್ಪಯ್ಯ, ಕಾರ್ಪೆಂಟರಿಗೆ ಬರುದು ಬೇಡ ಹೇಳ್ಲಾ?”

“ಬರ್ಲಿ,” ಎಂದರು ಸುಬ್ಬಯ್ಯನವರು. “ಮಾತು ಮಾತೇ. ಟೇಬಲಿನ ಒಂದು ಕಡೆ ನಾನೇ ಹಿಡ್ಕೊಳ್ತೇನೆ.” ಉಮಾವತಿ, ಅಧ್ಯಕ್ಷರ ತರಾಟೆಯಲ್ಲಿ ಅವರ ಅಂಗಿಯ ಮೇಲೆ ಚೆಲ್ಲಿದ್ದ ಚುರುಮುರಿಯ ಕಾಳು ತೆಗೆದರು.

ಅಷ್ಟರಲ್ಲಿ ವಿನೀತ ಹತ್ತಿರ ಬಂದ. ಆಚೀಚೆ ನೋಡಿದ.

“ಅಂಕಲ್, ಯಾರಿಗೆ ಹೇಳಿದ್ರಿ ಅಂತ ನನಗೊಬ್ಬನಿಗಾದ್ರೂ ಹೇಳಿ. ಸಭೆಗೆ ಹೇಳಲ್ಲ ನಾನು.”

“ಇಲ್ಲ ಮಾರಾಯ.”

“ಯಾರಿಗೂ ಗೊತ್ತಾಗಲ್ಲ ಅಂಕಲ್.”

“ಇಲ್ಲ ಅಂದ್ನಲ್ಲ.”

ವಿನೀತ ಇನ್ನೊಂದು ಮೆಟ್ಟಿಲು ಹತ್ತಿದ. ಆಮೇಲೆ ದನಿ ತಗ್ಗಿಸಿದ. “ಹಾಗಾದ್ರೆ... ನಂಗೂ ಯಶ್ಮಿತಾಗೂ ಇನ್ನೊಂದು ವಿಷಯಕ್ಕೆ ಜಗಳ ಆಗಿದೆ ಅಂಕಲ್. ಇದು ಸ್ವಲ್ಪ ಸೀರಿಯಸ್. ಬೇರೆ ಯಾರ ಹತ್ರಾನೂ ಹೇಳೋಕಾಗಲ್ಲ. ನಿಮ್ಮ ಹತ್ರ ಹೇಳ್ಬೇಕು ಅನ್ನಿಸ್ತು.”

ಸುಬ್ಬಯ್ಯನವರ ಕಿವಿ ತಾನಾಗಿಯೇ ಅವನ ಕಡೆ ವಾಲಿತು. ಕಣ್ಣಿಗೆ ನೀರು ಬಂತು. ‘ಕೂತ್ಕೋ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡರು.

“ಲೈಸೆನ್ಸ್ ಇಲ್ಲ ಮಾರಾಯ ನಂಗೆ. ಮುಂದಿನ ವರ್ಷ ಬನ್ನಿ ಇಬ್ರೂ.”

“ಮುಂದಿನ ವರ್ಷದ ತನಕ ಜಗಳ ಹೇಗೆ ಇಟ್ಕೊಳ್ಳೋದು ಅಂಕಲ್?”

ಸುಬ್ಬಯ್ಯನವರು ಗಂಭೀರವಾಗಿ ಯೋಚಿಸಿದರು.

“ದಿನಾ ಸ್ವಲ್ಪ ಸ್ವಲ್ಪವೇ ಮಾಡಿ,” ಎಂದರು. “ಪೂರ್ತಿ ಮುಗಿಸ್ಬೇಡಿ. ನಂಗೂ ಚೂರು ಉಳ್ಸಿ.”